ಪಂಚಭೂತಗಳೂ ಶಾಲೆಯ ವೇಳಾಪಟ್ಟಿಯೂ

ನೀರು ಯಾವ ವಿಷಯದ ಪಾಠ? ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಕೇಳಿ ನೋಡಿ. ವಿಜ್ಞಾನದ್ದು ಎಂದು ತಡೆಯದೆ ಹೇಳುತ್ತದೆ. ಮಳೆಯ ಮಾತು ತೆಗೆದರೆ ಭೂಗೋಳದ್ದೂ ಹೌದು ಎಂದೀತು. ಗಣಿತದ ಪುಸ್ತಕದಲ್ಲಿಯೂ ನಲ್ಲಿಯಿಂದ ತೊಟ್ಟಿ ತುಂಬುವ ಲೆಕ್ಕವೊಂದುಂಟು. ಆದರೆ ಆ ತೊಟ್ಟಿಯ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಯಾವ ಊರಿನದೆಂಬುದೂ ತಿಳಿಯದು. ವೇಳಾಪಟ್ಟಿಯ ಅನುಕೂಲಕ್ಕಾಗಿ ನಾವು ಲೋಕವನ್ನು ನಲವತ್ತು ನಿಮಿಷಗಳ ತುಂಡುಗಳನ್ನಾಗಿ ಕತ್ತರಿಸಿಟ್ಟಿದ್ದೇವೆ. ಮಗುವಾದರೋ ಮನೆಗೆ ಹೋಗಿ ಕುಡಿಯುವುದು ಒಂದೇ ನೀರನ್ನು.

ಈ ಕೊರತೆಯನ್ನು ಕಂಡವರು, ಮಣ್ಣು, ನೀರು, ಬೆಂಕಿ, ಗಾಳಿ, ಬಯಲು ಎಂಬ ಐದನ್ನೇ ಎಳೆಯಾಗಿ ಹಿಡಿದು ಎಲ್ಲ ವಿಷಯಗಳನ್ನೂ ಹೆಣೆದು ಕಲಿಸಬಾರದೇಕೆ ಎಂದು ಕೇಳುತ್ತಾರೆ. ಇಂತಹ ಹೆಣಿಗೆ ನಮ್ಮ ದೇಶಕ್ಕೆ ಹೊಸದಲ್ಲ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣವು ಕಸುಬೊಂದರ ಸುತ್ತ ಎಲ್ಲ ಪಾಠಗಳನ್ನೂ ಹೊಂದಿಸುವ ಯತ್ನವೇ ಆಗಿತ್ತು. ಆದುದರಿಂದ ಹೇಗೆ ಹೆಣೆಯಬೇಕೆಂಬುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುವುದಿಲ್ಲ. ಪಂಚಭೂತಗಳನ್ನು ಮಗುವಿಗೆ ಏನೆಂದು ಹೇಳಿಕೊಡಬೇಕು ಎಂಬುದೇ ಪ್ರಶ್ನೆ, ಏಕೆಂದರೆ ಇಲ್ಲಿ ಸತ್ಯದ ಮಾತು ಬರುತ್ತದೆ.

ಕೆಲವು ಉಪಾಧ್ಯಾಯರು ಈ ಹೆಸರೆತ್ತಿದರೆ ನಗುತ್ತಾರೆ. ನೀರು ಮೂಲವಸ್ತುವಲ್ಲ, ಎರಡು ಅನಿಲಗಳ ಸಂಯುಕ್ತವೆಂಬುದನ್ನು ಲವಾಸಿಯೇ 1783ರಲ್ಲಿಯೇ ಸಾರಿದನು. ಇಂದಿನ ಕೋಷ್ಟಕದಲ್ಲಿ 118 ಧಾತುಗಳಿವೆ. ಐದರ ಮಾತೇಕೆ ಎನ್ನುತ್ತಾರೆ. ಇನ್ನು ಕೆಲವರು, ವಿಜ್ಞಾನ ಇಂದು ಹೇಳುವುದನ್ನೆಲ್ಲ ನಮ್ಮ ಹಿರಿಯರು ಅಂದೇ ಕಂಡಿದ್ದರು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಇವರಲ್ಲಿ ಎರಡನೆಯವರಿಂದಲೇ ಹೆಚ್ಚಿನ ಹಾನಿಯೆಂದು ನನ್ನ ಅಭಿಪ್ರಾಯ. ನಕ್ಕವನ ಮಾತನ್ನು ಮಗು ಮರೆತೀತು. ಆದರೆ ಕೆಳಗಿನ ತರಗತಿಯಲ್ಲಿ ಹೆಮ್ಮೆಯಿಂದ ಬಾಯಿಪಾಠ ಮಾಡಿದುದು ಮೇಲಿನ ತರಗತಿಯ ಪ್ರಯೋಗಶಾಲೆಯಲ್ಲಿ ಸುಳ್ಳಾದಾಗ, ಅದು ಗುರುವನ್ನೂ ನಂಬದು, ಹಿರಿಯರನ್ನೂ ನಂಬದು.

ಮಠದ ಪ್ರಸಾದ ನಿಲಯಗಳಲ್ಲಿ ಓದಿದ ನಿಮಗೆ ಇದರ ಬೇರು ತಿಳಿದೇ ಇದೆ. ಷಟ್‌ಸ್ಥಲ ಶಾಸ್ತ್ರದಲ್ಲಿ ಪೃಥ್ವಿಗೆ ಆಚಾರಲಿಂಗ, ಅಪ್ಪುವಿಗೆ ಗುರುಲಿಂಗ, ಅಗ್ನಿಗೆ ಶಿವಲಿಂಗ, ವಾಯುವಿಗೆ ಜಂಗಮಲಿಂಗ, ಆಕಾಶಕ್ಕೆ ಪ್ರಸಾದಲಿಂಗ. ಅವುಗಳ ಮುಖಗಳು ಕ್ರಮವಾಗಿ ಮೂಗು, ನಾಲಿಗೆ, ಕಣ್ಣು, ಚರ್ಮ, ಕಿವಿ. ಈ ವಿಂಗಡಣೆಯಲ್ಲಿ ಅಳೆದಿರುವುದು ಸೀಸೆಯೊಳಗಿನ ವಸ್ತುವನ್ನಲ್ಲ. ಲೋಕವು ಮನುಷ್ಯನನ್ನು ಯಾವ ಯಾವ ಬಾಗಿಲಿನಿಂದ ಬಂದು ಮುಟ್ಟುತ್ತದೆ, ಮುಟ್ಟಿದುದನ್ನು ಅವನು ಯಾರಿಗೆ ಅರ್ಪಿಸಬೇಕು ಎಂಬ ವಿಚಾರ ಅದು. ರಸಾಯನದ ಕೋಷ್ಟಕವು ವಸ್ತುವು ಏನೆಂಬುದನ್ನು ಹೇಳುತ್ತದೆ. ಎರಡರ ಪ್ರಶ್ನೆಗಳೇ ಬೇರೆ. ಬೇರೆಯೆಂದು ಮಗುವಿಗೆ ಬಾಯಿಬಿಟ್ಟು ಹೇಳಿದರೆ ಯಾವುದಕ್ಕೂ ಅವಮಾನವಿಲ್ಲ. ಶಬ್ದವು ಆಕಾಶದ ಗುಣವೆಂದು ಹಳೆಯ ಗ್ರಂಥಗಳೂ, ನಿರ್ವಾತದಲ್ಲಿ ಶಬ್ದ ಸಾಗದೆಂದು ವಿಜ್ಞಾನದ ಪಾಠವೂ ಹೇಳುತ್ತವೆ. ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದು, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಅಂಜದೆ ನಿಲ್ಲುವ ಉಪಾಧ್ಯಾಯರು ಬೇಕು.

ಮಾತು ಗಾಳಿಯಲ್ಲಿ ತೇಲಬಾರದು. ಒಂದು ಊರಿಗೆ ಬರೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ದೇವಸಮುದ್ರವಿದೆ. ನಮ್ಮ ನಾಡಿನಲ್ಲಿ ‘ಸಮುದ್ರ’ವೆಂದು ಮುಗಿಯುವ ಊರ ಹೆಸರುಗಳು ಬಹುಮಟ್ಟಿಗೆ ಕೆರೆಯನ್ನು ನೆನೆದು ಇಟ್ಟವು. ಹೆಸರಿನಲ್ಲಿ ಸಮುದ್ರವಿರುವ ಈ ಸೀಮೆಯು ಕರ್ನಾಟಕದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು; ನೈರುತ್ಯದ ಗಾಳಿ ಸಹ್ಯಾದ್ರಿಯ ಮೇಲೆ ತನ್ನ ಹೊರೆಯನ್ನಿಳಿಸಿ ಬರಿಗೈಯಲ್ಲಿ ಇತ್ತ ಬರುತ್ತದೆ. ಹೆಸರು ಕನ್ನಡದ ಪಾಠ, ಗಾಳಿ ಭೂಗೋಳದ ಪಾಠ. ಮಣ್ಣಿನ ಪಾಠಕ್ಕೆ ಇದೇ ತಾಲ್ಲೂಕಿನ ಬ್ರಹ್ಮಗಿರಿಯಿದೆ. 1892ರಲ್ಲಿ ರೈಸ್ ಅವರು ಅಲ್ಲಿ ಅಶೋಕನ ಬಂಡೆಗಲ್ಲಿನ ಶಾಸನವನ್ನು ಕಂಡರು. 1947ರಲ್ಲಿ ವೀಲರ್ ಅವರು ಅಗೆದಾಗ ಕಲ್ಲುಕೊಡಲಿಯ ಜನರು, ಬೃಹತ್ ಶಿಲಾಗೋರಿಗಳ ಜನರು, ಅವರ ಮೇಲೆ ಶಾತವಾಹನರ ಕಾಲದವರು ಪದರಪದರವಾಗಿ ಕಾಣಿಸಿದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳು ಆ ಬಂಡೆಯ ಮೇಲಿವೆ. ಕೊನೆಯಲ್ಲಿ ಬರೆದ ಚಪಡನ ಹೆಸರೂ ಉಂಟು. ಪೃಥ್ವಿಯ ಪಾಠವೂ ನೀತಿಯ ಪಾಠವೂ ಒಂದೇ ಕಲ್ಲಿನ ಮೇಲೆ ಸಿಕ್ಕುವ ಸ್ಥಳಗಳು ನಾಡಿನಲ್ಲಿ ಹೆಚ್ಚಿಲ್ಲ.

ಆದರೆ ಇಲ್ಲಿಯ ಮಕ್ಕಳಿಗೆ ಎಲ್ಲಕ್ಕಿಂತ ಅಗತ್ಯವಾದುದು ನೀರಿನ ಪಾಠ. ಕೆರೆಬಾವಿಗಳು ಬತ್ತಿದಂತೆ ಕೊಳವೆಬಾವಿಗಳು ಆಳಕ್ಕಿಳಿದವು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕಲ್ಲಿನ ಫ್ಲೋರೈಡು ಕರಗಿ ಸೇರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದುದು ನೆಲ್ಲೂರು ಸೀಮೆಯಲ್ಲಿ, ಅದೂ ಆ ವಾರ್ಧಾ ಸಮ್ಮೇಳನದ ವರ್ಷವಾದ 1937ರಲ್ಲಿಯೇ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂತಹ ನೀರು ಕುಡಿದ ಮಗುವಿನ ಹಲ್ಲಿನಲ್ಲಿ ಮೂಡಿದ ಕಂದು ಕಲೆಯು ಮುಂದೆ ಒಳ್ಳೆಯ ನೀರು ಕುಡಿದರೂ ಮಾಸುವುದಿಲ್ಲ. ವರ್ಷಾನುಗಟ್ಟಲೆ ಕುಡಿದರೆ ಮೂಳೆಸಂದುಗಳು ಬಿಗಿಯುತ್ತವೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಅಪ್ಪುವಿನ ಮುಖ ನಾಲಿಗೆ, ಅದರ ಗುಣ ರಸವೆಂದೆವು. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಐದು ಬಾಗಿಲುಗಳಲ್ಲಿ ಯಾವುದನ್ನೂ ತಟ್ಟದೆ ಅದು ಒಳಗೆ ಬರುತ್ತದೆ. ನೀರನ್ನು ಕಾಯಿಸಿದರೆ ಶುದ್ಧವಾಗುವುದೆಂಬ ನಂಬಿಕೆಯೂ ಇಲ್ಲಿ ಸಲ್ಲದು. ಅಗ್ನಿಯು ಕ್ರಿಮಿಯನ್ನು ಕೊಂದೀತು, ಫ್ಲೋರೈಡನ್ನಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುವುದು. ಗಂಗೆಯೆಂದು ಕೈಮುಗಿದು ಕುಡಿದ ಮಾತ್ರಕ್ಕೆ ಮಗುವಿನ ಹಲ್ಲು ಉಳಿಯದು. ಇಲ್ಲಿ ಬೇಕಾದುದು ಆ 118ರ ಕೋಷ್ಟಕ. ಹಾಗೆಂದು ಕೋಷ್ಟಕವೊಂದೇ ಸಾಲುವುದೂ ಇಲ್ಲ. ನೀರಿನಲ್ಲಿ ಏನಿದೆಯೆಂದು ಅದು ಹೇಳೀತು. ಶುದ್ಧೀಕರಿಸಿದ ನೀರನ್ನು ಕೊಳ್ಳಬಲ್ಲ ಮನೆಗೂ ಕೊಳ್ಳಲಾರದ ಮನೆಗೂ ನಡುವೆ ನ್ಯಾಯವೇನು, ಮುಂದಿನವರ ಪಾಲನ್ನು ಇಂದೇ ಮೇಲೆತ್ತುವ ಹಕ್ಕು ನಮಗುಂಟೆ ಎಂಬುದನ್ನು ಅದು ಹೇಳದು. ನೀರು ಯಾರೊಬ್ಬರ ಸೊತ್ತೂ ಅಲ್ಲದ ಭೂತ, ಪಡೆದುದನ್ನು ಪ್ರಸಾದವೆಂದು ಹಂಚಿ ಉಣ್ಣಬೇಕು ಎಂಬ ತಿಳಿವಳಿಕೆಗೆ ಹಳೆಯ ಶಾಸ್ತ್ರದ ಬಳಿಗೇ ಹೋಗಬೇಕು.

ಇನ್ನು ಗಣಿತ. ಯಾವ ಊರಿನದೂ ಅಲ್ಲದ ತೊಟ್ಟಿಯ ಬದಲು ತಮ್ಮ ಶಾಲೆಯ ಮಾಳಿಗೆಯನ್ನೇ ಮಕ್ಕಳು ಅಳೆಯಲಿ. ಮಾಳಿಗೆ ನೂರು ಚದರ ಮೀಟರ್ ಎನ್ನಿ. ವರ್ಷದ ಮಳೆ ಸುಮಾರು 500 ಮಿಲಿಮೀಟರ್ ಎಂದಿಟ್ಟುಕೊಂಡರೂ ಆ ಮಾಳಿಗೆಯ ಮೇಲೆ ಬೀಳುವುದು 50,000 ಲೀಟರ್. ಸೋರಿ, ಸಿಡಿದು ಅರ್ಧ ಹೋದರೂ 25,000 ಲೀಟರ್ ಉಳಿಯಿತು. ನೂರು ಮಕ್ಕಳು ದಿನಕ್ಕೊಂದು ಲೀಟರಿನಂತೆ 220 ದಿನ ಕುಡಿದರೆ ಬೇಕಾದುದು 22,000. ಮಳೆಯ ನೀರಿನಲ್ಲಿ ಫ್ಲೋರೈಡು ಅತ್ಯಲ್ಪ. ಬರಗಾಲದ ವರ್ಷದಲ್ಲಿ ಈ ಲೆಕ್ಕ ತಪ್ಪುವುದು ನಿಜ. ಎಷ್ಟು ತಪ್ಪುವುದೆಂಬುದನ್ನು ಆ ವರ್ಷದ ಮಕ್ಕಳೇ ಮಾಡಿ ನೋಡಲಿ. ತೊಟ್ಟಿಗೆ ಭದ್ರವಾದ ಮುಚ್ಚಳ ಬೇಕು, ಮಾಳಿಗೆ ಗುಡಿಸಿರಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಕುಡಿಯುವ ಮುನ್ನ ಪರೀಕ್ಷೆ ಮಾಡಿಸಬೇಕು. ಇವಿಷ್ಟಕ್ಕೆ ತಗಲುವ ವೆಚ್ಚದ ಪಟ್ಟಿಯನ್ನು ಏಳನೆಯ ತರಗತಿಯ ಮಕ್ಕಳು ಒಂದು ವಾರದಲ್ಲಿ ಸಿದ್ಧಪಡಿಸಬಲ್ಲರು. ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನೀವು ಆ ಪಟ್ಟಿಯನ್ನು ತರಿಸಿ ನೋಡಬಹುದು.