ಗೆರೆ ಕೂಡುವ ಜಾಗ

ನಮ್ಮ ಘೋಡಗೇರಿ ಕಡೆ ಕಬ್ಬಿನ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದರೆ ಬೆಳಿಗ್ಗೆ ಉಳಿದಿರುವುದು ಮುರಿದ ಕಬ್ಬು, ಹಸಿ ಮಣ್ಣಿನ ಮೇಲೆ ಗೊರಸಿನ ಗುರುತು. ಅಷ್ಟರಿಂದಲೇ ಎಷ್ಟು ಬಂದಿದ್ದವು, ಎತ್ತ ಹೋದವು ಎಂದು ಹಿರಿಯರು ಹೇಳಿಬಿಡುತ್ತಾರೆ.

ಜಿನೀವಾ ಹತ್ತಿರದ ಸರ್ನ್‌ನಲ್ಲಿ ವಿಜ್ಞಾನಿಗಳು ಮಾಡುವುದೂ ಇಂಥದೇ ಕೆಲಸ. ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿದಾಗ ಹುಟ್ಟುವ ಬಿ-ಮೆಸಾನ್ ಎಂಬ ಕಣದ ಸರಾಸರಿ ಆಯುಷ್ಯ ಎಷ್ಟು? ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೂವರೆ ಪಾಲು! ಅಷ್ಟರಲ್ಲೇ ಕೆಲವು ಮಿಲಿಮೀಟರ್ ಓಡಿ ಒಡೆದುಹೋಗುತ್ತದೆ. ಅದರಿಂದ ಹುಟ್ಟಿದ ಕಣಗಳ ಗೆರೆಗಳನ್ನು ಹಿಂದಕ್ಕೆ ಎಳೆದರೆ ಅವು ಕೂಡುವ ಚುಕ್ಕಿಯೇ ಅದು ಸತ್ತ ಜಾಗ. ಅಯಸ್ಕಾಂತದಲ್ಲಿ ಗೆರೆ ಬಾಗಿದ್ದನ್ನು ಅಳೆದು ಸಂವೇಗ ತಿಳಿಯುತ್ತಾರೆ. ಎಲ್ಲ ಲೆಕ್ಕ ಕೂಡಿಸಿ ಸತ್ತ ಕಣ ಯಾವುದೆಂದು ಗುರುತಿಸುತ್ತಾರೆ. ಆದರೆ ಒಂದೇ ಕಣದಿಂದ ಆಯುಷ್ಯ ತಿಳಿಯದು. ಒಂದು ಬೇಗ ಸಾಯುತ್ತದೆ, ಒಂದು ತಡವಾಗಿ. ಸಾವಿರಾರು ಸಾವು ಎಣಿಸಬೇಕು.

ಬಿ.ಎ. ಓದಿದ ನನಗೆ ಇದರಲ್ಲಿ ಮನಸ್ಸಿಗೆ ತಾಗಿದ್ದು ನಮ್ಮ ಕೋಲಾರದ ಕಥೆ. ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲೇ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಹಿಡಿದವರು ಅಲ್ಲಿನ ವಿಜ್ಞಾನಿಗಳು. ಮುಂದೆ ಕೆಲವು ವಿಚಿತ್ರ ಗೆರೆಗಳು ಕಂಡವು. ಹಿಂದಕ್ಕೆ ಎಳೆದರೆ ಅವು ಬಂಡೆಯಲ್ಲಲ್ಲ, ಬರೀ ಗಾಳಿಯಲ್ಲಿ ಕೂಡುವಂತಿದ್ದವು. ಹೊಸ ಕಣವೊಂದು ಅಲ್ಲಿ ಒಡೆದಿರಬಹುದೆಂದು 1975ರಲ್ಲಿ ಬರೆದರು. 'ಇರಬಹುದು' ಎಂದರು, ಅಷ್ಟೇ. ಬೇರೆ ದೇಶದ ಪ್ರಯೋಗಾಲಯಗಳು ಹುಡುಕಿದವು, ಸಿಗಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಆ ಗೆರೆಗಳಿಗೆ ಇಂದಿಗೂ ಹೆಸರಿಲ್ಲ. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತೆಂದು ಸಾರುವ ಮೊದಲು, ಅಂಥ ಕಣವೇ ಇಲ್ಲದಿದ್ದರೂ ಇಂಥ ಗುರುತು ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಸುಮಾರು 35 ಲಕ್ಷಕ್ಕೆ ಒಂದಕ್ಕೆ ಇಳಿಯುವವರೆಗೆ ಕಾದರಂತೆ.

ನಾನು ಒಂದು ಮಧ್ಯಾಹ್ನವೂ ಕಾಯಲಿಲ್ಲ. ನೌಕರಿ ಸೇರಿದ ಹೊಸತು. ಪರೀಕ್ಷೆ ಫೀ ಹಣದಲ್ಲಿ ಒಂದು ನೋಟು ಕಡಿಮೆಯಾಗಿತ್ತು. ಊಟದ ಬಿಡುವಿನಲ್ಲಿ ಒಬ್ಬಳೇ ಹುಡುಗಿ ವರ್ಗದಲ್ಲಿದ್ದಳು, ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ನೋಟಿತ್ತು. ಎರಡು ಗೆರೆ ಕೂಡಿದವು, ನನಗೆ ಸಾಕಾಯಿತು. "ಅಕ್ಕೋರ, ನಮ್ಮವ್ವ ಕೊಟ್ಟಾಳ್ರಿ" ಎಂದಳು. ಎಲ್ಲರೆದುರು ನಿಲ್ಲಿಸಿದೆ. ಮರುವಾರದಿಂದ ಶಾಲೆಗೆ ಬರಲಿಲ್ಲ. ವಿಜ್ಞಾನಿ ವರ್ಷಗಟ್ಟಲೆ ಕಾಯಬಲ್ಲ, ಮಾಸ್ತರಿಕೆಯಲ್ಲಿ ಗಂಟೆ ಹೊಡೆಯುವುದರೊಳಗೆ ತೀರ್ಮಾನ ಬೇಕು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅವ್ವನನ್ನು ಕೇಳಿ ಬರಲು ಎಷ್ಟು ಹೊತ್ತು ಬೇಕಿತ್ತು? ಅವರ ಮನೆ ಎರಡು ಓಣಿ ಆಚೆ.

ಈಗಲೂ ಸಂತೆಯಲ್ಲಿ ಸಿಗುತ್ತಾಳೆ. "ಆರಾಮ ಅದೀರೇನ್ರಿ ಅಕ್ಕೋರ?" ಎನ್ನುತ್ತಾಳೆ. ಆರಾಮ ಇದ್ದೇನೆ ಎನ್ನುತ್ತೇನೆ. ಆ ನೋಟಿನ ಮಾತು ಇಬ್ಬರೂ ಎತ್ತಿಲ್ಲ.