ತಟ್ಟೆ ಪಕ್ಕಕ್ಕೆ ತಳ್ಳುವ ಮುಂಚೆ

ಯೌವನಸ್ಥರೇ, ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯ ತೆಗೆಯಿರಿ. ಇವತ್ತಿನ ಸಂದೇಶ ಊಟದ ಬಗ್ಗೆ. ನಗಬೇಡಿ, ಇದು ಆತ್ಮಿಕ ವಿಷಯಾನೇ.

ಒಬ್ಬ ತಮ್ಮ ಇದ್ದಾನೆ ಅಂದ್ಕೊಳ್ಳಿ. ಊಟದ ವಿಷಯಕ್ಕೆ ಬಂದ್ರೆ ನೂರೆಂಟು ತಕರಾರು. ಮನೇಲಿ ಅನ್ನ ಸಾರು, ಹೊರಗಡೆ ಹೋದ್ರೆ ಅದೇ ಬಿರಿಯಾನಿ. ಜೊತೇಲಿ ಕೆಲಸ ಮಾಡೋ ಟಿಬೆಟಿಯನ್ ಹುಡುಗ ಪ್ರೀತಿಯಿಂದ ತಮ್ಮ ಜನ ನಡೆಸೋ ಹೋಟೆಲ್‌ಗೆ ಕರ್ಕೊಂಡು ಹೋಗ್ತಾನೆ. ಬಿಸಿ ಬಿಸಿ ಥುಕ್ಪಾ ಬರುತ್ತೆ, ನೂಡಲ್ಸ್ ಹಾಕಿದ ಸೂಪು. ಹಬೆಯಲ್ಲಿ ಬೇಯಿಸಿದ ಟಿಂಗ್ಮೊ ಬರುತ್ತೆ, ಮೆತ್ತಗಿನ ಬಿಳಿ ಬ್ರೆಡ್ಡು. ಕೊನೆಗೆ ಬೆಣ್ಣೆ, ಉಪ್ಪು ಹಾಕಿದ ಟೀ. ನಮ್ಮ ತಮ್ಮ ಮೂಗು ಮುರೀತಾನೆ: "ಛೀ, ಟೀಗೆ ಉಪ್ಪಾ? ಇಲ್ಲಿ ಫ್ರೈಡ್ ರೈಸ್ ಸಿಗಲ್ವಾ?"

ಅವನು ಛೀ ಅಂದಿದ್ದು ಟೀಗೆ. ಆದ್ರೆ ಎದುರಿಗೆ ಕೂತವನಿಗೆ ಕೇಳಿಸಿದ್ದು ಬೇರೆ: "ನಿಮ್ಮಜ್ಜಿ ಮಾಡಿ ಕೊಡ್ತಿದ್ದದ್ದು ಛೀ."

ಪ್ರಿಯರೇ, ಆ ಟೀ ಎಲ್ಲಿಂದ ಬಂತು ಗೊತ್ತಾ? 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟಿಯನ್ನರು ಊರು, ಮನೆ ಬಿಟ್ಟು ಬಂದ್ರು. ನಮ್ಮ ಬೈಲಕುಪ್ಪೆ, ಮುಂಡಗೋಡಿನಲ್ಲಿ ಅವರಿಗೆ ಜಾಗ ಸಿಕ್ತು. ಕಾಡು ಕಡಿದು ಮೆಕ್ಕೆಜೋಳ ಬೆಳೆದ್ರು. ತಮ್ಮ ದೇಶದಿಂದ ಅವರು ತರೋಕೆ ಆಗಿದ್ದರಲ್ಲಿ ಅಡುಗೆಯೂ ಒಂದು. ಅವರ ಸಾಂಪಾ ಅಂದ್ರೆ ಹುರಿದ ಬಾರ್ಲಿ ಹಿಟ್ಟು. ನಮ್ಮ ಅಜ್ಜಿಯರು ರಾಗಿಯಲ್ಲಿ ಹುರಿಹಿಟ್ಟು ಮಾಡಲ್ವಾ? ಅದರದೇ ಅಣ್ಣತಮ್ಮ!

ಈಗ ಪೇತ್ರನನ್ನು ನೋಡಿ. ಯೊಪ್ಪದಲ್ಲಿ ಮಧ್ಯಾಹ್ನ ಮಾಳಿಗೆ ಮೇಲೆ ಪ್ರಾರ್ಥನೆ ಮಾಡ್ತಿದ್ದಾನೆ, ಹೊಟ್ಟೆ ಹಸೀತಿದೆ. ಪರಲೋಕದಿಂದ ದೊಡ್ಡ ದುಪ್ಪಟಿಯಂಥದ್ದು ಇಳಿಯುತ್ತೆ, ಅದರ ತುಂಬ ಅವನು ಎಂದೂ ಮುಟ್ಟದ ಪ್ರಾಣಿಗಳು. ತಿನ್ನು ಅಂತ ಅಪ್ಪಣೆ ಆಗುತ್ತೆ. ಪೇತ್ರ ಬೇಡ ಅಂತಾನೆ. ಅವನದು ನಾಲಿಗೆಯ ಹಠ ಅಲ್ಲ, ಮೋಶೆಯ ಧರ್ಮಶಾಸ್ತ್ರ. ಆದ್ರೂ ಮೂರು ಸಾರಿ ಅದೇ ಮಾತು. ಯಾಕೆ? ಅಷ್ಟರಲ್ಲೇ ಕೊರ್ನೇಲ್ಯನ ಆಳುಗಳು ಬಾಗಿಲ ಹತ್ರ ನಿಂತಿದ್ರು! ದರ್ಶನದಲ್ಲಿ ಕಂಡದ್ದು ಆಹಾರ, ದೇವರು ತೋರಿಸಿದ್ದು ಮನುಷ್ಯರನ್ನು. ಆಮೆನ್?

11ನೇ ಅಧ್ಯಾಯಕ್ಕೆ ಬನ್ನಿ. ಯೆರೂಸಲೇಮಿನಲ್ಲಿ ಪೇತ್ರನ ಮೇಲೆ ಬಂದ ದೂರು ಏನು? ಯಾಕೆ ಪ್ರಸಂಗ ಮಾಡಿದೆ ಅಂತ ಅಲ್ಲ. ಆ ಜನರ ಮನೆಗೆ ಹೋಗಿ ಅವರ ಜೊತೆ ಯಾಕೆ ಊಟ ಮಾಡಿದೆ ಅಂತ! ಜೊತೆಗೆ ಕೂತು ಉಣ್ಣೋದು ಅಂದ್ರೆ ನೀನು ನನ್ನವನು ಅಂತ ಒಪ್ಪಿಕೊಂಡ ಹಾಗೆ. ಅದು ದೂರು ಹೇಳಿದವರಿಗೂ ಗೊತ್ತಿತ್ತು.

ಇದೇ ಪೇತ್ರ ಮುಂದೆ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ ಪಂಕ್ತಿಯಿಂದ ಎದ್ದು ದೂರ ಸರಿದ. ಪೌಲ ಎಲ್ಲರ ಮುಂದೆ ಅವನನ್ನು ಖಂಡಿಸಿದ, ಗಲಾತ್ಯ 2ರಲ್ಲಿದೆ. ದರ್ಶನ ಕಂಡವನೂ ಜಾರಬಹುದು. ಅದಕ್ಕೆ ಎಚ್ಚರವಾಗಿರಿ.

ಹಾಗಂತ ಎಲ್ಲಾ ತಿನ್ನಲೇಬೇಕಾ? ಇಲ್ಲ. ಅಲರ್ಜಿ ಇದ್ಯಾ, ಮಾಂಸ ತಿನ್ನಲ್ವಾ, ಬಾಯಿಬಿಟ್ಟು ಹೇಳಿ. ತರಕಾರಿ ಮೊಮೊ ಇದೆ. ರುಚಿ ಹಿಡಿಸದೇ ಇರೋದು ಪಾಪ ಅಲ್ಲ. ಆದ್ರೆ ಛೀ ಅನ್ನೋ ಜಾಗದಲ್ಲಿ "ಇದನ್ನ ಹೇಗೆ ಮಾಡ್ತೀರ ಅಣ್ಣ?" ಅಂತ ಕೇಳಿ. ಒಂದು ಗುಟುಕು ಕುಡಿದು ನೋಡಿ. ಟೀ ಅಂದ್ಕೋಬೇಡಿ, ಸೂಪು ಅಂದ್ಕೊಳ್ಳಿ, ಗಂಟಲಲ್ಲಿ ಇಳಿಯುತ್ತೆ! ಅವನ ಊರಿನ ಕಥೆ ಕೇಳಿ. ಅವನು ಕೊಟ್ಟ ಟೀ ಬೇಡ ಅಂದು, ನಾವು ಹೇಳೋ ಸುವಾರ್ತೆ ಮಾತ್ರ ಅವನು ಕೇಳಬೇಕು ಅಂದ್ರೆ ಹೇಗೆ?

ನಮ್ಮ ಯೇಸು ಜಕ್ಕಾಯನ ಮನೆಗೆ ತಾನೇ ಕೇಳಿಕೊಂಡು ಹೋದವನು. ಈ ವಾರ ನಿಮ್ಮನ್ನು ಊಟಕ್ಕೆ ಕರೆದು ಕರೆದು ಸುಮ್ಮನಾದವರು ಯಾರು, ನೆನಪು ಮಾಡ್ಕೊಳ್ಳಿ. ಅವರಿಗೆ ನೀವೇ ಫೋನ್ ಮಾಡಿ.

ಕಣ್ಣು ಮುಚ್ಚೋಣ. ಕರ್ತನೇ, ನೀನು ಶುದ್ಧಮಾಡಿದವರನ್ನು ನಾವು ಹೊಲಸು ಅನ್ನದ ಹಾಗೆ ನಮ್ಮ ನಾಲಿಗೆಯನ್ನು ಕಾಯಿ. ಅಪರಿಚಿತರ ಪಂಕ್ತಿಯಲ್ಲಿ ಸಂತೋಷವಾಗಿ ಕೂರೋ ಹೃದಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.