ಇಂದಿನ ಚಿಂತನೆ: ಕೂಸಿನ ತೋರುಬೆರಳು



ಮನುಷ್ಯ ಹುಟ್ಟಾ ಸ್ವಾರ್ಥಿ, ಹಂಚಿಕೊಳ್ಳುವುದನ್ನು ಆಮೇಲೆ ಹೊಡೆದು ಬಡಿದು ಕಲಿಸಬೇಕು ಎಂಬ ಮಾತನ್ನು ಬಹಳ ಕೇಳಿದ್ದೇವೆ. ವರ್ಷದ ಕೂಸಿನ ಬೆರಳನ್ನು ಗಮನಿಸಿದರೆ ಆ ಮಾತು ಪೂರ್ತಿ ನಿಲ್ಲುವುದಿಲ್ಲ.

ವರ್ಷ ತುಂಬುವ ಆಸುಪಾಸಿನಲ್ಲಿ ಕೂಸು ಬೆರಳು ಚಾಚಿ ತೋರಿಸತೊಡಗುತ್ತದೆ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಇದನ್ನು ಹೀಗೆ ವಿವರಿಸಿದ: ಮಗು ಎಟುಕದ ವಸ್ತುವಿಗೆ ಕೈ ಚಾಚುತ್ತದೆ, ಸಿಗುವುದಿಲ್ಲ. ತಾಯಿ ಕಂಡು ತಂದುಕೊಡುತ್ತಾಳೆ. ಸೋತ ಕೈಗೆ ಅರ್ಥ ಕೊಟ್ಟವಳು ಅವಳು. ಚೆಂದದ ವಿವರಣೆಯೇ. ಆದರೆ ಈ ಲೆಕ್ಕದಲ್ಲಿ ಎಲ್ಲದರ ಬೇರು ‘ಬೇಕು’ ಎಂಬ ತಣ್ಹೆಯೇ ಆಗಿಬಿಡುತ್ತದೆ.

1975ರಲ್ಲಿ ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು ಇದರಲ್ಲಿ ಎರಡು ಬಗೆ ಗುರುತಿಸಿದರು. ಒಂದು ‘ಅದು ಕೊಡು’, ಇನ್ನೊಂದು ‘ಅದು ನೋಡು’. ಚಂದಿರ, ಕಾಗೆ, ತಿರುಗುವ ಫ್ಯಾನು. ಫ್ಯಾನನ್ನು ಬಿಚ್ಚಿ ಕೈಗೆ ಕೊಡಿ ಎಂದು ಯಾವ ಕೂಸೂ ಕೇಳುತ್ತಿಲ್ಲ!

2004ರಲ್ಲಿ ಲಿಶ್ಕೋವ್‌ಸ್ಕಿ, ಟೊಮಾಸೆಲ್ಲೊ ಮೊದಲಾದವರು 12 ತಿಂಗಳ ಮಕ್ಕಳನ್ನು ಪರೀಕ್ಷಿಸಿದರು. ಮಗು ತೋರಿಸಿದಾಗ ದೊಡ್ಡವರು ಆ ವಸ್ತುವನ್ನೂ ನೋಡಿ, ಮಗುವಿನ ಮುಖವನ್ನೂ ನೋಡಿ ಖುಷಿಯಿಂದ ಮಾತಾಡಿದರೆ ಅದಕ್ಕೆ ಸಮಾಧಾನ. ವಸ್ತುವನ್ನಷ್ಟೇ ನೋಡಿದರೂ ಒಪ್ಪದು, ತನ್ನನ್ನಷ್ಟೇ ಮುದ್ದಿಸಿದರೂ ಒಪ್ಪದು. ಮತ್ತೆ ಮತ್ತೆ ತೋರಿಸುತ್ತದೆ. ಎರಡು ವರ್ಷದ ನಂತರದ ಇನ್ನೊಂದು ಪ್ರಯೋಗದಲ್ಲಿ, ದೊಡ್ಡವರು ಏನನ್ನೋ ಹುಡುಕಾಡುವುದನ್ನು ಕಂಡ ಅದೇ ವಯಸ್ಸಿನ ಮಕ್ಕಳು ಅದು ಇರುವ ಜಾಗ ತೋರಿಸಿದವು. ಆ ವಸ್ತು ಅವಕ್ಕೆ ಬೇಕಿರಲಿಲ್ಲ.

ಇದನ್ನೇ ಮೈತ್ರಿ ಎಂದು ಕರೆಯುವ ಅವಸರ ಬೇಡ. ಅದೇ ಮಗು ಮರುಕ್ಷಣ ಪಕ್ಕದ ಕೂಸಿನ ಬಿಸ್ಕತ್ತು ಕಸಿಯುತ್ತದೆ. ಆದರೆ ‘ನೀನೂ ನೋಡು’ ಎಂಬ ಆಸೆ ನಾವು ಕಲಿಸುವ ಮೊದಲೇ ಅಲ್ಲಿದೆ. ‘ಅಗೋ, ಆ ಕೇರಿಯವರು’ ಎಂದು ತೋರಿಸುವುದೂ ಇದೇ ಬೆರಳು. ಅದನ್ನು ಮಾತ್ರ ಮಗು ದೊಡ್ಡವರಿಂದ ಕಲಿಯುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಯಾರು ಯಾರ ಪಕ್ಕ ಕೂರಲು ಹಿಂಜರಿಯುತ್ತಾರೆ ಎಂಬುದನ್ನು ಕಂಡ ಮೇಲೆ ನನಗೆ ಇದರಲ್ಲಿ ಅನುಮಾನವಿಲ್ಲ.

ಕೂಲಿಯಿಂದ ದಣಿದು ಬಂದವರಿಗೆ, ಮೊಬೈಲು ಹಿಡಿದು ಕೂತವರಿಗೆ (ಈಗ ಇದನ್ನು ಓದುತ್ತಿರುವವರಿಗೂ) ಆ ಪುಟ್ಟ ಬೆರಳು ಕಾಣದೇ ಹೋಗಬಹುದು. ಸರ್ಕಲ್ಲಿನಲ್ಲಿ ಬಾಬಾಸಾಹೇಬರ ಪ್ರತಿಮೆ ಬೆರಳು ಚಾಚಿ ನಿಂತಿರುತ್ತದೆ, ಸೊಂಟದ ಮೇಲಿನ ಕೂಸೂ ಅತ್ತ ಬೆರಳು ಚಾಚುತ್ತದೆ. ಆಗ ಒಮ್ಮೆ ಪ್ರತಿಮೆಯ ಕಡೆ ನೋಡಿ, ಒಮ್ಮೆ ಕೂಸಿನ ಮುಖ ನೋಡಿ. ಅದು ಕಾಯುತ್ತಿರುತ್ತದೆ.